ದಡವೋ, ದೋಣಿಯೋ, ನೀರೊಳಗೋ? ಜಲಕ್ರೀಡೆಯ ಫೋಟೊ ತೆಗೆಯುವವರಿಗೆ ಒಂದು ಹೋಲಿಕೆ

ಸರ್ಫಿಂಗ್, ಕಯಾಕಿಂಗ್, ಹಾಯಿದೋಣಿ ಓಟ, ಕೈಟ್‌ಬೋರ್ಡಿಂಗ್ (ದೊಡ್ಡ ಗಾಳಿಪಟ ಎಳೆಯುವ ಹಲಗೆಯ ಸವಾರಿ) ಇಂಥ ಆಟಗಳ ಫೋಟೊ ತೆಗೆಯಬೇಕೆಂದು ಆಸೆಪಟ್ಟವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವ ಕ್ಯಾಮೆರಾ ತಗೊಳ್ಳಲಿ?’ ಎಂದು. ಆ ಪ್ರಶ್ನೆ ಸ್ವಲ್ಪ ಕಾಯಲಿ. ಮೊದಲು ತೀರ್ಮಾನವಾಗಬೇಕಾದ್ದು ನೀವು ನಿಲ್ಲುವ ಜಾಗ. ದಡದಲ್ಲಿ ನಿಂತವರಿಗೆ ಬಲಗೈಯಂತಿರುವ 600 ಮಿ.ಮೀ. ಲೆನ್ಸ್ ನೀರಿಗಿಳಿದವರಿಗೆ ಯಾವ ಉಪಯೋಗಕ್ಕೂ ಬಾರದು. ನೀರಿನಲ್ಲಿರುವವರ ಅತಿ ಅಗಲ ನೋಟದ ಫಿಶ್‌ಐ ಲೆನ್ಸನ್ನು ದಡಕ್ಕೆ ತಂದರೆ ಸವಾರ ಒಂದು ಚುಕ್ಕೆಯಾಗಿ ಹೋಗುತ್ತಾನೆ. ಜಾಗ ಗೊತ್ತಾಯಿತೆಂದರೆ ಲೆನ್ಸ್, ಕವಚ, ಶಟರ್ ವೇಗ ಮುಕ್ಕಾಲು ಪಾಲು ತಾವಾಗಿಯೇ ಗೊತ್ತಾಗುತ್ತವೆ.

ಇನ್ನೊಂದು ಮಾತು ಹವೆಯದು. ತಿಳಿ ಬಿಸಿಲು, ತಣ್ಣನೆಯ ನೀರು, ಗಾಳಿಯ ಸುಳಿವಿಲ್ಲದ ಬೆಳಗು ಇದ್ದರೆ ಯಾವ ಜಾಗದಿಂದಲೂ ಒಳ್ಳೆಯ ಫೋಟೊ ಬಂದೀತು. ಆದರೆ ಈ ಆಟಗಳು ರಂಗೇರುವುದು ಗಾಳಿ ಎದ್ದಾಗ, ಹೊಳೆ ತುಂಬಿದಾಗ, ಸಮುದ್ರ ಮಗುಚಿ ಬಿದ್ದಾಗ. ಆಟಕ್ಕೆ ಒಳ್ಳೆಯ ದಿನವೆಂದರೆ ಬಹಳ ಸಲ ಕ್ಯಾಮೆರಾಕ್ಕೆ ಕೆಟ್ಟ ದಿನ. ಹಾಗಾಗಿ ಇಲ್ಲಿ ಒಂದೊಂದು ಆಯ್ಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ: ಕೆಟ್ಟ ಹವೆಯಲ್ಲಿ ಎರಡು ಗಂಟೆ ಎಡೆಬಿಡದೆ ಕೆಲಸ ಮಾಡಲು ಅದು ಬಿಡುತ್ತದೆಯೇ? ಒಂದು ಅಪರೂಪದ ಫೋಟೊ ಕೊಟ್ಟು ಉಳಿದ ಹೊತ್ತೆಲ್ಲ ಕೈಕಟ್ಟಿ ಕೂರಿಸುವ ಆಯ್ಕೆಗಿಂತ, ಪ್ರತಿ ಅಲೆಗೂ ಕಣ್ಣು ನೆಟ್ಟು ನಿಲ್ಲಲು ಬಿಡುವ ಆಯ್ಕೆ ದೊಡ್ಡದು ಎಂಬುದು ನನ್ನ ನಂಬಿಕೆ.

ದಡದಿಂದ

ಇದರ ಲೆಕ್ಕ ಸರಳ. ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 600 ಮಿ.ಮೀ. ಲೆನ್ಸ್ ಹಾಕಿ 100 ಮೀಟರ್ ಆಚೆಗೆ ನೋಡಿದರೆ ಚೌಕಟ್ಟಿನೊಳಗೆ ಬರುವುದು 6 ಮೀಟರ್ ಅಗಲ, 4 ಮೀಟರ್ ಎತ್ತರದ ಜಾಗ. ಹಲಗೆಯ ಮೇಲೆ ನಿಂತ ಸವಾರ ಆ ಎತ್ತರದ ಐದರಲ್ಲಿ ಎರಡು ಪಾಲು ತುಂಬುತ್ತಾನೆ, ಅಲೆಗೂ ಜಾಗ ಉಳಿಯುತ್ತದೆ. ಅಲ್ಲೇ ನಿಂತು 200 ಮಿ.ಮೀ. ಹಾಕಿದರೆ 18 ಮೀಟರ್ ಅಗಲ ಕಾಣುತ್ತದೆ, ಸವಾರ ಏಳರಲ್ಲಿ ಒಂದು ಪಾಲಿಗೆ ಕುಗ್ಗುತ್ತಾನೆ. ಅಲೆ ಒಡೆಯುವುದು 200 ಮೀಟರ್ ದೂರದಲ್ಲಾದರೆ 600 ಕೂಡ 12 ಮೀಟರ್ ಅಗಲ ತೋರಿಸುತ್ತದೆ. ಆದ್ದರಿಂದ ಲೆನ್ಸ್ ಕೊಳ್ಳುವ ಮೊದಲು, ನೀವು ಹೋಗುವ ದಡದಿಂದ ಆಟ ನಡೆಯುವ ಜಾಗ ಎಷ್ಟು ದೂರ ಎಂದು ನಕ್ಷೆಯಲ್ಲಿ ಅಳೆದು ನೋಡಿ. ಅದಕ್ಕಿಂತ ಚಿಕ್ಕದಾದ 1.5 ಪಟ್ಟಿನ ಕ್ರಾಪ್ ಸೆನ್ಸರ್ ಇರುವ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸೇ 600ರ ನೋಟ ಕೊಡುತ್ತದೆ. ದಡದಲ್ಲಿ ಕೆಲಸ ಮಾಡುವವರಿಗೆ ಅದು ಕೊರತೆಯಲ್ಲ, ಅನುಕೂಲ.

ಜೂಮ್ ಒಳ್ಳೆಯದೋ, ಒಂದೇ ಫೋಕಲ್ ಲೆಂತ್‌ನ ಪ್ರೈಮ್ ಒಳ್ಳೆಯದೋ? 600 ಮಿ.ಮೀ. ಎಫ್/4 ಪ್ರೈಮ್‌ಗೂ 150-600 ಅಥವಾ 200-600ರ ಎಫ್/6.3 ಜೂಮ್‌ಗೂ ಬೆಳಕಿನಲ್ಲಿ ಒಂದೂ ಕಾಲು ಸ್ಟಾಪಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು; ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಮೋಡ ಕವಿದ ಸಂಜೆ ಜೂಮ್‌ನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 3200 ಬೇಕಾದ ಕಡೆ ಪ್ರೈಮ್‌ನಲ್ಲಿ 1250 ಸಾಕು. ಈ ಗಳಿಕೆ ಸಣ್ಣದೇನಲ್ಲ. ಆದರೂ ನನ್ನ ಮತ ಜೂಮ್‌ಗೆ. ಅಲೆ ಒಂದೇ ಗೆರೆಯಲ್ಲಿ ಒಡೆಯುವುದಿಲ್ಲ. ಒಂದು ದೂರದಲ್ಲಿ ಏಳುತ್ತದೆ, ಮುಂದಿನದು ದಡದ ಹತ್ತಿರಕ್ಕೆ ಬಂದು ಮಗುಚುತ್ತದೆ. ಸವಾರ ಗಾಳಿಗೆ ಹಾರಿದಾಗ ಹಲಗೆಯ ಮೂತಿಯೋ, ಕೈಟ್‌ನ ದಾರವೋ ಚೌಕಟ್ಟಿನಿಂದಾಚೆ ಕತ್ತರಿಸಿ ಹೋದರೆ ಕಡಿಮೆ ಐಎಸ್‌ಒ ಇದ್ದು ಏನು ಬಂತು? ಐಎಸ್‌ಒ ಏರಿ ನಾಯ್ಸ್, ಅಂದರೆ ಕಾಳುಕಾಳು, ಇರುವ ಫೋಟೊವನ್ನು ಸಾಫ್ಟ್‌ವೇರ್ ತಿದ್ದೀತು, ಕತ್ತರಿಸಿಹೋದ ಹಲಗೆಯನ್ನು ತಂದುಕೊಡಲಾರದು. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಟೆಲಿಕನ್ವರ್ಟರ್ ಸೇರಿಸಿ ದೂರ ಹೆಚ್ಚಿಸುವ ಯೋಚನೆ ಇದ್ದರೆ 1.4 ಪಟ್ಟಿನದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು ಸ್ಟಾಪ್. ಎಫ್/6.3 ಜೂಮ್‌ಗೆ 2 ಪಟ್ಟಿನದನ್ನು ಹಾಕುವುದು ಕೆಟ್ಟ ಹವೆಯಲ್ಲಿ ಆಗುವ ಕೆಲಸವಲ್ಲ, ಫೋಕಸ್ ತಡವರಿಸುತ್ತದೆ.

ಎಷ್ಟು ಎತ್ತರದಲ್ಲಿ ನಿಲ್ಲಬೇಕು ಎಂಬುದೂ ಒಂದು ಆಯ್ಕೆಯೇ. ನೀರಿನ ಮಟ್ಟಕ್ಕೆ ಕೂತರೆ ಅಲೆ ಗೋಡೆಯಂತೆ ಎದ್ದು ನಿಲ್ಲುತ್ತದೆ, ಚಿತ್ರಕ್ಕೆ ಬಲ ಬರುತ್ತದೆ. ಆದರೆ ಮುಂದೆ ಬರುವ ಸಣ್ಣ ಅಲೆಯೊಂದು ಸವಾರನನ್ನು ಅರ್ಧ ಮುಚ್ಚಿಬಿಡುತ್ತದೆ. ಬಂಡೆಯ ಮೇಲೇರಿದರೆ ಎಲ್ಲವೂ ಕಾಣುತ್ತದೆ, ಅಲೆ ಮಾತ್ರ ಚಪ್ಪಟೆಯಾದಂತೆ ತೋರುತ್ತದೆ. ಪೋರ್ಚುಗಲ್‌ನ ನಜಾರೆಯಲ್ಲಿ ಈ ಗೊಂದಲಕ್ಕೆ ಅಪರೂಪದ ಉತ್ತರವಿದೆ. ಪ್ರಾಯಾ ದೊ ನಾರ್ತೆ ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ ದೀಪಸ್ತಂಭವಿರುವ ಹಳೆಯ ಕೋಟೆ. ಅದರ ಹಿಂದಿನ ಏರಿನಲ್ಲಿ ನಿಂತರೆ ಕೋಟೆ, ಅದರ ಮೇಲಿನ ಜನ, ಅವರ ತಲೆಯಿಂದಾಚೆ ಏಳುವ ಅಲೆ, ಮೂರೂ ಒಂದೇ ಚೌಕಟ್ಟಿಗೆ ಬರುತ್ತವೆ. ಉದ್ದ ಲೆನ್ಸ್ ದೂರಗಳನ್ನು ಒತ್ತಿ ಹತ್ತಿರ ತರುವುದರಿಂದ ಅಲೆಯ ಎತ್ತರ ಎದೆ ನಡುಗಿಸುತ್ತದೆ. ಜರ್ಮನಿಯ ಸರ್ಫರ್ ಸೆಬಾಸ್ಟಿಯನ್ ಸ್ಟೂಡ್ನರ್ 2020ರ ಅಕ್ಟೋಬರ್‌ನಲ್ಲಿ ಸವಾರಿ ಮಾಡಿದ 26.21 ಮೀಟರ್ ಅಲೆ ಅಲ್ಲಿಯದೇ. ಇಂಥ ದಾಖಲೆಯ ಅಲೆಗಳ ಎತ್ತರ ಲೆಕ್ಕಹಾಕುವಾಗ ಫೋಟೊ, ವಿಡಿಯೊಗಳೇ ಆಧಾರ. ಅದರಲ್ಲಿ ಕಾಣುವ ಸವಾರನ ಮೈಯೇ ಅಳತೆಗೋಲು. ದಡದ ಫೋಟೊಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು!

ದಡದಲ್ಲಿ ಮೂರು ತೊಂದರೆ: ಉಪ್ಪಿನ ತುಂತುರು, ಮರಳು, ಬಿಸಿಲ ಝಳ. ಮೊದಲೆರಡಕ್ಕೆ ಉಪಾಯವಿದೆ. ಮಳೆಗವಚ ಹಾಕಿ, ‘ವೆದರ್ ಸೀಲ್’ ಇದೆ ಎಂದು ಕಂಪನಿ ಹೇಳಿದ್ದನ್ನು ನೀರು ಹೊಗದು ಎಂಬ ಭರವಸೆಯಾಗಿ ತಿಳಿಯಬೇಡಿ. ಲೆನ್ಸಿನ ಮುಂದೆ ರಕ್ಷಣೆಯ ಫಿಲ್ಟರ್ ಇರಲಿ. ಅದರ ಮೇಲೆ ಬಿದ್ದ ತುಂತುರು ಒಣಗಿ ಉಪ್ಪಾದ ಮೇಲೆ ಒಣಬಟ್ಟೆಯಿಂದ ಉಜ್ಜಿದರೆ ಹರಳುಗಳೇ ಗಾಜಿನ ಲೇಪನವನ್ನು ಗೀರುತ್ತವೆ. ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೊದಲು ಒತ್ತಿ ಉಪ್ಪು ಕರಗಿಸಿ, ಆಮೇಲೆ ಒಣಬಟ್ಟೆ. ಎರಡೂ ಬಟ್ಟೆ ಬೇರೆ ಬೇರೆ ಜೇಬಿನಲ್ಲಿರಲಿ. ಲೆನ್ಸ್ ಬದಲಿಸುವ ಕೆಲಸವನ್ನು ಮರಳದಂಡೆಯ ಮೇಲೆ ಮಾಡಲೇಬೇಡಿ.

ಝಳಕ್ಕೆ ಉಪಾಯವಿಲ್ಲ. ಕಾದ ಮರಳಿನ ಮೇಲೆ ಬಿಸಿಗಾಳಿ ಏರಿ ತಣ್ಣನೆಯ ಗಾಳಿಯೊಡನೆ ಬೆರೆಯುವಾಗ ಬೆಳಕು ಅಡ್ಡಾದಿಡ್ಡಿ ಬಾಗುತ್ತದೆ. 600 ಮಿ.ಮೀ. ಲೆನ್ಸ್ ಅದನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಫೋಕಸ್ ಸರಿಯಿದ್ದರೂ ಸವಾರನ ಮುಖ ಕಲಸಿದಂತೆ ಬರುತ್ತದೆ, ನಾವು ಸುಮ್ಮನೆ ಲೆನ್ಸನ್ನು ಅನುಮಾನಿಸುತ್ತೇವೆ. ಹೊತ್ತೇರುವ ಮೊದಲೇ ಕೆಲಸ ಮುಗಿಸಬೇಕು, ಇಲ್ಲವೇ ಮರಳು ದಾಟಿ ನೀರಂಚಿಗೆ ಹೋಗಬೇಕು. ಎರಡೂ ಆಗದಿದ್ದರೆ ಅಂದು ದಡ ನಿಮ್ಮ ಜಾಗವಲ್ಲ.

ಗಾಳಿ ಜೋರಿದ್ದಾಗ ಟ್ರೈಪಾಡ್ ಬೇಡ, ಒಂಟಿಕಾಲಿನ ಮಾನೊಪಾಡ್ ಸಾಕು. ನೆಲಕ್ಕೆ ಕೂತು ಮೊಣಕಾಲಿಗೆ ಮೊಣಕೈ ಊರಿದರೆ ಇನ್ನೂ ಗಟ್ಟಿ.

ದೋಣಿಯಿಂದ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ತಾಹಿಟಿಯ ತೆಆಹುಪೊದಲ್ಲಿ ನಡೆಯಿತು. ಜುಲೈ 29ರಂದು ಬ್ರೆಜಿಲ್‌ನ ಗೇಬ್ರಿಯಲ್ ಮೆದಿನಾ ಅಲೆಯ ಮೇಲಿಂದ ಗಾಳಿಗೆ ಚಿಮ್ಮಿ, ಬೆರಳೆತ್ತಿ, ಪಕ್ಕದಲ್ಲಿ ತನ್ನಷ್ಟೇ ನೆಟ್ಟಗೆ ನಿಂತ ಹಲಗೆಯೊಡನೆ ಆಕಾಶದಲ್ಲಿ ತೇಲಿದಂತೆ ಕಾಣುವ ಫೋಟೊ ಜಗತ್ತನ್ನೆಲ್ಲ ಸುತ್ತಿತು. ತೆಗೆದವರು ಎಎಫ್‌ಪಿ ಸುದ್ದಿಸಂಸ್ಥೆಯ ಜೆರೋಮ್ ಬ್ರೂಯೆ. ಅವರು ನಿಂತಿದ್ದು ಅಲೆಯ ಪಕ್ಕದ ಆಳನೀರಿನ ಕಾಲುವೆಯಲ್ಲಿದ್ದ ದೋಣಿಯಲ್ಲಿ. ಅಲೆಯ ಬೆನ್ನು ಅಡ್ಡವಿದ್ದುದರಿಂದ ಮೆದಿನಾ ಅವರಿಗೆ ಕಾಣುತ್ತಲೇ ಇರಲಿಲ್ಲ. ಒಳ್ಳೆಯ ಸವಾರಿ ಮುಗಿಸಿದವನು ಹೀಗೆ ಹಾರಿ ಹೊರಬರುತ್ತಾನೆ ಎಂಬ ಅಂದಾಜಿನಲ್ಲಿ ಕಾದಿದ್ದು, ಎದ್ದೊಡನೆ ನಾಲ್ಕು ಫ್ರೇಮ್ ತೆಗೆದರು. ಅದರಲ್ಲಿ ಒಂದು ಇದು. ದೋಣಿಯ ಗುಣ, ದೋಷ ಎರಡೂ ಈ ಒಂದು ಫೋಟೊದಲ್ಲಿವೆ: ದಡದಲ್ಲಿ ಸಿಗದ ಪಕ್ಕದ ನೋಟ ಸಿಗುತ್ತದೆ, ಬಹಳ ಹೊತ್ತು ಏನೂ ಕಾಣುವುದಿಲ್ಲ. ಆಟ ಗೊತ್ತಿಲ್ಲದವರಿಗೆ ದೋಣಿಯಿಂದ ಪ್ರಯೋಜನ ಕಡಿಮೆ.

ದೋಣಿಗೆ 70-200 ಅಥವಾ 100-400 ಸರಿಯಾದ ಲೆನ್ಸ್. 600 ತೆಗೆದುಕೊಂಡು ಹೋದರೆ ಕುಲುಕಾಟದಲ್ಲಿ ಸವಾರನನ್ನು ಚೌಕಟ್ಟಿನೊಳಗೆ ಹಿಡಿದಿಡುವುದೇ ದೊಡ್ಡ ಸಾಹಸವಾಗುತ್ತದೆ. ಟ್ರೈಪಾಡ್, ಮಾನೊಪಾಡ್ ಎರಡೂ ದೋಣಿಗೆ ನಿಷಿದ್ಧ. ಎಂಜಿನ್ನಿನ ನಡುಕವನ್ನು ಅವು ನೇರ ಕ್ಯಾಮೆರಾಕ್ಕೆ ತಲುಪಿಸುತ್ತವೆ. ಅದೇ ಕಾರಣಕ್ಕೆ ಮೊಣಕೈಯನ್ನು ದೋಣಿಯ ಅಂಚಿಗೆ ಊರಬಾರದು. ಕಾಲು ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು, ಸೊಂಟದಿಂದ ಮೇಲಿನ ಮೈಯನ್ನು ದೋಣಿಯಿಂದ ಬೇರೆಯೇ ಎಂಬಂತೆ ಹಿಡಿಯಬೇಕು. ಶಟರ್ ವೇಗವನ್ನು 1/1600 ಸೆಕೆಂಡಿಗಿಂತ ನಿಧಾನಕ್ಕೆ ಇಳಿಸಬೇಡಿ.

ಇದಕ್ಕೊಂದು ಅಪವಾದವಿದೆ. ಬೆನ್ನಟ್ಟುವ ದೋಣಿ ಆಟದ ದೋಣಿಯಷ್ಟೇ ವೇಗದಲ್ಲಿ ಪಕ್ಕದಲ್ಲೇ ಓಡುತ್ತಿದ್ದರೆ ಇಬ್ಬರ ನಡುವಿನ ವೇಗದ ಅಂತರ ಸೊನ್ನೆಗೆ ಇಳಿಯುತ್ತದೆ. ಆಗ 1/60, 1/125ರಲ್ಲೂ ಹಾಯಿದೋಣಿ ಚೂಪಾಗಿ ಬರುತ್ತದೆ, ನೀರು ಮಾತ್ರ ರೇಷ್ಮೆಯಂತೆ ಹರಿಯುತ್ತದೆ. ಅಮೆರಿಕಾಸ್ ಕಪ್ ಹಾಯಿದೋಣಿ ಓಟದ ಎಸಿ75 ದೋಣಿಗಳು ನೀರಿನಿಂದ ಮೇಲೆದ್ದು 50 ನಾಟ್, ಅಂದರೆ ಗಂಟೆಗೆ 92 ಕಿ.ಮೀ.ಗೂ ಹೆಚ್ಚು ವೇಗ ಮುಟ್ಟುತ್ತವೆ. ಆ ವೇಗ 1/4000ದಲ್ಲಿ ತೆಗೆದ ಫೋಟೊದಲ್ಲಿ ಕಾಣುವುದೇ ಇಲ್ಲ. ದೋಣಿ ಗಾಳಿಯಲ್ಲಿ ನೇತುಹಾಕಿದಂತೆ ಇರುತ್ತದೆ. ನಿಧಾನ ಶಟರಿನಲ್ಲಿ ಹತ್ತಕ್ಕೆ ಒಂಬತ್ತು ಹಾಳಾದರೂ ಆ ಒಂದಕ್ಕಾಗಿ ಪ್ರಯತ್ನಿಸಬೇಕು.

ಹಾಯಿದೋಣಿಯ ಯಾವ ಮಗ್ಗುಲಿಗೆ ಹೋಗಬೇಕು? ಗಾಳಿ ಬೀಸುವ ಕಡೆಯಿಂದ ನೋಡಿದರೆ ಎದ್ದ ದೋಣಿಯ ಹೊಟ್ಟೆ, ಹೊರಕ್ಕೆ ಜೋತುಬಿದ್ದವರ ಬೆನ್ನು. ಗಾಳಿಯ ಕೆಳಮಗ್ಗುಲಿಗೆ ಹೋದರೆ ಇಳಿಜಾರಾದ ಡೆಕ್, ಅದರ ಮೇಲೆ ನಮ್ಮ ಕಡೆಗೆ ತಿರುಗಿದ ಮುಖಗಳು. ತುಂತುರು ನೇರ ಲೆನ್ಸಿಗೇ ಬಡಿಯುವುದು ನಿಜ, ಹಾಯಿ ಆಗಾಗ ಅಡ್ಡ ಬರುವುದೂ ನಿಜ. ಆದರೂ ಕೆಳಮಗ್ಗುಲೇ ಲೇಸು. ಮೇಲ್ಮಗ್ಗುಲಲ್ಲಿ ನಿಮ್ಮ ದೋಣಿ ಸ್ಪರ್ಧಿಯ ಗಾಳಿಯನ್ನೇ ಕದಡುತ್ತದೆ. ಕೈಟ್‌ಬೋರ್ಡಿಂಗ್‌ಗೆ ಮಾತ್ರ ಇದು ತಲೆಕೆಳಗು: ಇಪ್ಪತ್ತು ಮೀಟರ್ ಆಸುಪಾಸಿನ ದಾರಗಳ ತುದಿಯಲ್ಲಿರುವ ಕೈಟ್ ಬಿದ್ದರೆ ಗಾಳಿಯ ಕೆಳಗಡೆಗೇ ಬೀಳುವುದು. ಅಲ್ಲಿ ನಿಲ್ಲಬೇಡಿ.

ಇನ್ನು ದೋಣಿ ಓಡಿಸುವವರು. ಲೆನ್ಸಿಗಿಂತ ಅವರನ್ನು ಹುಡುಕುವುದರಲ್ಲಿ ಹೆಚ್ಚು ಸಮಯ ಕಳೆಯಿರಿ. ಆಟದ ದಾರಿ ಗೊತ್ತಿರುವ, ಅಲೆಯ ಲಯ ಬಲ್ಲ ನಾವಿಕ ಹೇಳದೆಯೇ ಸೂರ್ಯನನ್ನು ನಿಮ್ಮ ಹೆಗಲಿಗೆ ತಂದು ನಿಲ್ಲಿಸುತ್ತಾನೆ.

ನೀರಿಗೇ ಇಳಿದರೆ

ಎಲ್ಲರ ಮನಸ್ಸು ಓಡುವುದು ಇಲ್ಲಿಗೇ. ಅಲೆಯ ಕೊಳವೆಯೊಳಗಿಂದ ಹೊರಗಿನ ಬೆಳಕು, ಒಂದು ತೋಳಿನ ದೂರದಲ್ಲಿ ಹಾದುಹೋಗುವ ಸವಾರ, ಹಲಗೆಯ ಅಂಚು ಕತ್ತರಿಸಿ ಎಬ್ಬಿಸಿದ ನೀರಿನ ಹಾಳೆ. ಇವನ್ನು ಬೇರೆ ಯಾವ ಜಾಗವೂ ಕೊಡಲಾರದು. ಆದರೆ ಕ್ಯಾಮೆರಾ ಇಲ್ಲದೆಯೂ ಆ ನೀರಿನಲ್ಲಿ ಒಂದು ಗಂಟೆ ನೆಮ್ಮದಿಯಾಗಿ ಇರಬಲ್ಲಿರಾ? ಅಲೆ ಮೈಮೇಲೆ ಬಂದಾಗ ಅದರಡಿ ಮುಳುಗಿ ಆಚೆ ಏಳಬಲ್ಲಿರಾ? ಸೆಳೆತ ಯಾವ ಕಡೆಗಿದೆ ಎಂದು ನೋಡಿ ಹೇಳಬಲ್ಲಿರಾ? ಮೂರಕ್ಕೂ ಅಳುಕಿಲ್ಲದೆ ಹೌದು ಎನ್ನಲಾಗದಿದ್ದರೆ ದಡಕ್ಕೆ ಮರಳಿ. ಕಾಲಿಗೆ ಈಜುರೆಕ್ಕೆ, ತಲೆಗೆ ಹೆಲ್ಮೆಟ್, ಜೊತೆಗೆ ಇನ್ನೊಬ್ಬರು, ಈ ಮೂರೂ ಇಲ್ಲದೆ ಇಳಿಯಬಾರದು. ಕ್ಯಾಮೆರಾದ ಪಟ್ಟಿ ಮಣಿಕಟ್ಟಿಗೆ ಇರಲಿ, ಕತ್ತಿಗೆ ಎಂದೂ ಬೇಡ.

ಕ್ಯಾಮೆರಾಕ್ಕೆ ಮೂರು ದಾರಿಗಳಿವೆ. ಮೊದಲನೆಯದು ಆ್ಯಕ್ಷನ್ ಕ್ಯಾಮೆರಾ. ಗೋಪ್ರೊ ಹುಟ್ಟಿದ್ದೇ ಸರ್ಫಿಂಗ್‌ನಿಂದ. ಸರ್ಫರ್ ನಿಕ್ ವುಡ್‌ಮನ್ ಕಟ್ಟಿದ ಆ ಕಂಪನಿಯ 2004ರ ಮೊದಲ ಕ್ಯಾಮೆರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವ 35 ಮಿ.ಮೀ. ಫಿಲ್ಮಿನದು. 2016ರ ಹೀರೊ5 ಬ್ಲ್ಯಾಕ್‌ನಿಂದ ಮುಂದೆ ಬೇರೆ ಕವಚವಿಲ್ಲದೆಯೇ 10 ಮೀಟರ್ ಆಳಕ್ಕೆ ತಡೆಯುವಂತಾಯಿತು. ಸಣ್ಣದು, ಹಗುರ, ಅಲೆ ಹೊಡೆದರೂ ಮುಖಕ್ಕೆ ಬಡಿದು ಗಾಯ ಮಾಡುವ ಭಾರವಿಲ್ಲ. ಕೊರತೆ ಎರಡು. ನೋಟ ಅತಿ ಅಗಲವಾದ್ದರಿಂದ ಸವಾರ ಒಂದೆರಡು ಮೀಟರ್ ಒಳಗೇ ಇರಬೇಕು. ಸೆನ್ಸರ್ ಪುಟ್ಟದಾದ್ದರಿಂದ ಮೋಡ ಕವಿದೊಡನೆ ಕ್ಯಾಮೆರಾ ತನ್ನಷ್ಟಕ್ಕೆ ಶಟರ್ ನಿಧಾನ ಮಾಡಿಕೊಳ್ಳುತ್ತದೆ, ನೀರಹನಿಗಳೆಲ್ಲ ಎಳೆದ ಗೆರೆಗಳಾಗುತ್ತವೆ. ಶಟರ್ ವೇಗವನ್ನು ನೀವೇ ಗಟ್ಟಿಮಾಡಿ ಇಡಬಹುದಾದ ಮಾದರಿಯನ್ನೇ ಆರಿಸಿ.

ಎರಡನೆಯದು ಮೆತ್ತನೆಯ ಜಲನಿರೋಧಕ ಚೀಲ. ಇದ್ದ ಕ್ಯಾಮೆರಾವನ್ನೇ ಅದರೊಳಗಿಟ್ಟು ಬಾಯಿ ಮುಚ್ಚಬಹುದು. ರಾಫ್ಟ್‌ನಲ್ಲಿ, ಕಯಾಕ್‌ನಲ್ಲಿ, ಸೊಂಟಮಟ್ಟದ ತಿಳಿನೀರಿನಲ್ಲಿ ಇದು ಸಾಕು. ಒಡೆಯುವ ಅಲೆಗೆ ಸಾಲದು: ನೀರಿನ ಒತ್ತಡಕ್ಕೆ ಚೀಲ ಕುಗ್ಗಿ ಗುಂಡಿಗಳನ್ನು ಒತ್ತುತ್ತದೆ, ಮುಂದಿನ ಗಾಜು ಲೆನ್ಸಿಗೆ ಓರೆಯಾಗುತ್ತದೆ. ಫೋನನ್ನು ಹೀಗೆ ಒಯ್ಯುವವರು ಇನ್ನೂ ಎಚ್ಚರವಾಗಿರಬೇಕು. ನೀರು ತಡೆಯುವ ಮಟ್ಟ ಹೇಳುವ ಐಪಿಎಕ್ಸ್7 ಗುರುತು ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ, ಅದೂ ಪರೀಕ್ಷೆಯ ನಿಂತ ಸಿಹಿನೀರಿನಲ್ಲಿ. ಅಲೆಯ ಹೊಡೆತ, ಕಡಲ ಉಪ್ಪು ಆ ಲೆಕ್ಕದಲ್ಲಿ ಇಲ್ಲ.

ಮೂರನೆಯದು ಗಟ್ಟಿ ಹೌಸಿಂಗ್. ಪಾಲಿಕಾರ್ಬನೇಟ್ ಅಥವಾ ಅಲ್ಯುಮಿನಿಯಂ ಪೆಟ್ಟಿಗೆ, ಪಿಸ್ತೂಲಿನಂಥ ಹಿಡಿ, ಹಿಡಿಯಲ್ಲೇ ಶಟರ್. ಒಡೆಯುವ ಅಲೆಗೆ ನಿಜವಾಗಿ ತಡೆಯುವುದು ಇದೊಂದೇ. ಇದರಲ್ಲೂ ಸರ್ಫ್‌ಗೆಂದು ಮಾಡಿದ್ದು ಬೇರೆ, ಡೈವಿಂಗ್‌ಗೆಂದು ಮಾಡಿದ್ದು ಬೇರೆ. ಡೈವಿಂಗ್‌ನದಕ್ಕೆ ಆಳದ ಒತ್ತಡ ತಡೆಯುವ ದಪ್ಪ ಗೋಡೆ, ಎರಡು ಹಿಡಿ, ಎಲ್ಲ ಗುಂಡಿಗೂ ಹೊರಗಿನಿಂದ ಒತ್ತುವ ಸನ್ನೆಕೋಲು. ಸರ್ಫ್‌ನದು ಹಗುರ, ಒಂದೇ ಕೈಯಲ್ಲಿ ಹಿಡಿಯುವಂಥದ್ದು, ಗುಂಡಿ ಕಡಿಮೆ. ಅಲೆಯಲ್ಲಿ ಇನ್ನೊಂದು ಕೈ ಈಜಲು ಬೇಕಾದ್ದರಿಂದ ಡೈವಿಂಗ್ ಹೌಸಿಂಗ್ ಹಿಡಿದು ಅಲ್ಲಿಗಿಳಿಯುವುದು ಅಪಾಯ.

ಹೌಸಿಂಗ್ ಉಳಿಯುವುದೂ ಮುಳುಗುವುದೂ ಒಂದು ರಬ್ಬರ್ ಬಳೆಯ ಮೇಲೆ ನಿಂತಿದೆ. ಓ-ರಿಂಗನ್ನು ಹೊರತೆಗೆದು ಎರಡು ಬೆರಳ ನಡುವೆ ನಿಧಾನವಾಗಿ ಒಂದು ಸುತ್ತು ಎಳೆಯಿರಿ. ಕಣ್ಣಿಗೆ ಕಾಣದ ಮರಳಿನ ಕಣವೂ ಬೆರಳ ತುದಿಗೆ ಗೊತ್ತಾಗುತ್ತದೆ. ಅದು ಕೂರುವ ತೋಡನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಗ್ರೀಸನ್ನು ಹೊಳಪು ಬರುವಷ್ಟೇ ಸವರಿ. ಹೆಚ್ಚಾದರೆ ಅದೇ ಕಸ ಹಿಡಿಯುತ್ತದೆ. ಮುಚ್ಚುವಾಗ ಒಂದು ತಲೆಗೂದಲು ಅಡ್ಡಬಿದ್ದರೂ ಸಾಕು, ನೀರಿಗೆ ದಾರಿಯಾಯಿತು. ಕ್ಯಾಮೆರಾ ಇಡುವ ಮೊದಲು ಖಾಲಿ ಹೌಸಿಂಗಿನಲ್ಲಿ ಟಿಶ್ಯೂ ಕಾಗದ ಹಾಕಿ, ಬಕೆಟ್ ನೀರಿನಲ್ಲಿ ಅದುಮಿ ಹಿಡಿದು ನೋಡಿ. ಕಾಗದ ಒಣಗಿದ್ದರೆ ಮುಂದುವರಿಯಿರಿ. ಸೆಕೆಯ ಗಾಳಿಯಲ್ಲಿ ಮುಚ್ಚಿದರೆ ತಣ್ಣೀರಿಗಿಳಿದೊಡನೆ ಒಳಗಿನ ತೇವ ಗಾಜಿನ ಮೇಲೆ ಮಂಜಾಗುತ್ತದೆ, ಆದ್ದರಿಂದ ಎಸಿ ಇರುವ ಒಣ ಕೋಣೆಯಲ್ಲಿ ಮುಚ್ಚಿ, ಒಂದು ಸಿಲಿಕಾ ಜೆಲ್ ಪೊಟ್ಟಣವನ್ನೂ ಒಳಗಿಡಿ.

ಪೋರ್ಟ್ ಅಂದರೆ ಹೌಸಿಂಗಿನ ಮುಂದಿನ ಕಿಟಕಿ. ಗುಮ್ಮಟದಂಥ ಡೋಮ್ ಪೋರ್ಟ್ ಅಗಲ ಲೆನ್ಸಿಗೆ, ಚಪ್ಪಟೆ ಪೋರ್ಟ್ 50 ಅಥವಾ 85 ಮಿ.ಮೀ. ಲೆನ್ಸಿಗೆ. ಚಪ್ಪಟೆ ಗಾಜು ನೀರಿನಡಿ ಎಲ್ಲವನ್ನೂ ಮೂರನೇ ಒಂದರಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ನೀರಿನ ವಕ್ರೀಭವನಾಂಕ 1.33 ಆಗಿರುವುದೇ ಕಾರಣ. ಅಗಲ ನೋಟ ಅಲ್ಲಿ ಹಾಳಾಗುತ್ತದೆ. ಅರ್ಧ ನೀರು, ಅರ್ಧ ಆಕಾಶದ ಫೋಟೊ ಬೇಕಿದ್ದರೆ ದೊಡ್ಡ ಡೋಮ್ ಬೇಕೇ ಬೇಕು. ಚಿಕ್ಕದರಲ್ಲಿ ನೀರಿನ ಗೆರೆ ಒಂದು ಅಲುಗಾಟಕ್ಕೆ ಇಡೀ ಗಾಜನ್ನು ದಾಟಿಬಿಡುತ್ತದೆ.

ಪೋರ್ಟಿನ ಮೇಲೆ ನಿಲ್ಲುವ ಹನಿಗಳ ಬಗ್ಗೆ ಎರಡು ಪಂಥವಿದೆ. ಒಂದು ಪಂಥದವರು ನೀರು ಜಾರಿಹೋಗುವಂತೆ ಮೇಣ ತಿಕ್ಕುತ್ತಾರೆ. ಇನ್ನೊಂದು ಪಂಥದವರು ಗಾಜನ್ನು ನಾಲಿಗೆಯಿಂದ ನೆಕ್ಕಿ ನೀರಲ್ಲಿ ಅದ್ದಿ, ನೀರು ಹನಿಗಟ್ಟದೆ ತೆಳು ಪದರವಾಗಿ ನಿಲ್ಲುವಂತೆ ಮಾಡುತ್ತಾರೆ. ನೋಡಲು ವಿಚಿತ್ರ, ಆದರೆ ಕೆಲಸ ಮಾಡುತ್ತದೆ. ಕ್ಲಿಕ್ಕಿಸುವ ಗಳಿಗೆಗೆ ಮೊದಲು ಪೋರ್ಟ್ ನೀರಿನಲ್ಲಿರುವುದಾದರೆ ಎರಡನೆಯದು ಸರಿ, ಅಂದರೆ ಡೋಮ್‌ಗೆ. ಬಹಳ ಹೊತ್ತು ನೀರಿನ ಮೇಲೆ ಎತ್ತಿಹಿಡಿದು ಕಾಯುವ ಚಪ್ಪಟೆ ಪೋರ್ಟಿಗೆ ಮೇಣ ಸರಿ. ಕಾಯುತ್ತಿರುವಾಗ ತೆಳು ಪದರ ಒಡೆದು ಹನಿಗಟ್ಟಿದರೆ ಮತ್ತೆ ಅದ್ದುವಷ್ಟರಲ್ಲಿ ಸವಾರ ದಾಟಿರುತ್ತಾನೆ.

ಲೆನ್ಸಿನ ವಿಷಯದಲ್ಲಿ ನನ್ನ ಒಲವು ಫಿಶ್‌ಐ ಕಡೆಗೆ. 15 ಮಿ.ಮೀ. ಫಿಶ್‌ಐಯನ್ನು ಎಫ್/8ಕ್ಕೆ ಇಟ್ಟು ಒಂದು ಮೀಟರಿಗೆ ಫೋಕಸ್ ಮಾಡಿದರೆ ನೀರಿನ ಮೇಲೆ ಅರ್ಧ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಚೂಪು. ಅಲ್ಲಿಗೆ ಫೋಕಸ್ ಉಂಗುರಕ್ಕೆ ಟೇಪು ಸುತ್ತಿ ಮರೆತುಬಿಡಬಹುದು. ನೊರೆಯ ನಡುವೆ ಆಟೊಫೋಕಸ್ ತಡಕಾಡುವ ಚಿಂತೆಯೇ ಇಲ್ಲ. ನೀರಿನಡಿಯಿಂದ ತೆಗೆಯುವುದಾದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಡೋಮ್ ದೂರದ ವಸ್ತುವನ್ನೂ ತನ್ನ ಮುಂದೆಯೇ ಇದೆ ಎಂಬಂತೆ ತೋರಿಸುವುದರಿಂದ ಫೋಕಸ್ ಇನ್ನೂ ಹತ್ತಿರಕ್ಕೆ ತರಬೇಕು. 50 ಅಥವಾ 85 ಮಿ.ಮೀ. ಆರಿಸಿದರೆ ಸವಾರನ ದಾರಿಯಿಂದ ಹತ್ತಿಪ್ಪತ್ತು ಮೀಟರ್ ದೂರ ಇರಬಹುದು, ಹಲಗೆಯ ಕೆಳಗಿನ ಚೂಪು ರೆಕ್ಕೆಗಳ ಭಯ ಕಡಿಮೆ. ನೀರಿಗೆ ಹೊಸಬರು ಈ ದೂರದಿಂದಲೇ ಶುರುಮಾಡುವುದು ಕ್ಷೇಮ.

ಹೊಳೆಯ ರಭಸದಲ್ಲಿ

ರಾಫ್ಟಿಂಗ್, ಕಯಾಕಿಂಗ್‌ಗೆ ದಡವೇ ಸರಿ, ಚರ್ಚೆಯೇ ಬೇಡ. ಹೊಳೆಯಲ್ಲಿ ದಡ ಮತ್ತು ಆಟದ ನಡುವೆ ಹತ್ತಿಪ್ಪತ್ತು ಮೀಟರ್ ಅಷ್ಟೇ, 70-200 ಧಾರಾಳವಾಯಿತು. ರಭಸದ ಕೆಳಗಡೆ ನಿಂತು ಮೇಲ್ಮುಖವಾಗಿ ತೆಗೆದರೆ ಬರುವವರ ಮುಖ ಸಿಗುತ್ತದೆ. ಮೊಣಕಾಲುಮಟ್ಟದ ನೀರಾದರೂ ಹರಿವಿನಲ್ಲಿ ಇಳಿದು ನಿಲ್ಲಬೇಡಿ. ಕಲ್ಲುಗಳ ಸಂದಿಗೆ ಪಾದ ಸಿಕ್ಕಿಕೊಂಡರೆ ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ, ಏಳಲು ಬಿಡುವುದಿಲ್ಲ. ದಡದಲ್ಲಿ ಹಗ್ಗದ ಚೀಲ ಹಿಡಿದು ನಿಂತ ರಕ್ಷಕರ ಮುಂದೆ ಹೋಗಬೇಡಿ. ಒಳ್ಳೆಯ ನೋಟ ಸಿಗುವ ಬಂಡೆ ಅವರಿಗೂ ಬೇಕಾದ ಬಂಡೆಯೇ ಆಗಿರುತ್ತದೆ.

ಕಷ್ಟವಿರುವುದು ಬೆಳಕಿನಲ್ಲಿ. ಕಣಿವೆಯ ಕಪ್ಪು ಬಂಡೆ, ನಡುವೆ ಬೆಳ್ಳನೆಯ ನೊರೆ. ಕ್ಯಾಮೆರಾದ ಮೀಟರ್ ಬಂಡೆ ನೋಡಿ ಬೆಳಕು ಹೆಚ್ಚಿಸುತ್ತದೆ, ನೊರೆ ಸುಣ್ಣ ಬಳಿದಂತಾಗುತ್ತದೆ. ಮರುಗಳಿಗೆ ನೊರೆ ನೋಡಿ ತಗ್ಗಿಸುತ್ತದೆ, ಹೆಲ್ಮೆಟ್ಟಿನ ನೆರಳಲ್ಲಿ ಮುಖ ಮಾಯ. ಮ್ಯಾನುಯಲ್ ಎಕ್ಸ್‌ಪೋಷರ್ ಇಟ್ಟು, ನೊರೆಯಲ್ಲಿ ಸ್ವಲ್ಪ ವಿವರ ಉಳಿಯುವಷ್ಟಕ್ಕೆ ಹೊಂದಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ಫೈಲು) ಆಮೇಲೆ ಮುಖದ ಬೆಳಕು ಎತ್ತಿಕೊಳ್ಳುವುದೇ ದಾರಿ. ನೇರ ಬಿಸಿಲಿದ್ದರೆ ಐಎಸ್‌ಒ 400, ಎಫ್/8, 1/1600 ಎಂಬಲ್ಲಿಂದ ಶುರುಮಾಡಿ.

ಮೇಲಿನಿಂದ

ಡ್ರೋನ್‌ಗೆ ಕೆಟ್ಟ ಹವೆ ಎಂದರೆ ಆಗದು. ಸಾಮಾನ್ಯ ಮಡಚುವ ಡ್ರೋನ್‌ಗಳು ಸೆಕೆಂಡಿಗೆ 10ರಿಂದ 12 ಮೀಟರ್ ಗಾಳಿ ತಡೆಯುತ್ತವೆ. ಕೈಟ್‌ಬೋರ್ಡಿಂಗ್‌ನವರು ಖುಷಿಪಡುವ ಗಾಳಿ ಸುಲಭವಾಗಿ ಅಲ್ಲಿಗೆ ಮುಟ್ಟುತ್ತದೆ. ನೀರಿನ ಮೇಲೆ ತಗ್ಗಿ ಹಾರಿದರೆ ಕೆಳಗಿನ ಸೆನ್ಸರ್‌ಗಳು ಅಲೆಯ ಹೊಳಪಿಗೆ ಗಲಿಬಿಲಿಗೊಳ್ಳುತ್ತವೆ. ದೋಣಿಯಿಂದ ಹಾರಿಸುವವರಿಗೆ ಇನ್ನೊಂದು ಅಪಾಯ: ಬ್ಯಾಟರಿ ಇಳಿದು ‘ಮನೆಗೆ ಮರಳು’ ಎಂಬ ವ್ಯವಸ್ಥೆ ಚಾಲೂ ಆದರೆ ಡ್ರೋನ್ ಹೊರಟ ಜಾಗಕ್ಕೇ ಮರಳುತ್ತದೆ. ದೋಣಿ ಅಷ್ಟರಲ್ಲಿ ಎಲ್ಲೋ ಹೋಗಿರುತ್ತದೆ, ಡ್ರೋನ್ ನೀರಿಗೇ ಇಳಿಯುತ್ತದೆ. ಶಾಂತ ದಿನದಲ್ಲಿ, ಅನುಮತಿಯಿರುವ ಕಡೆ, ಅಲೆಗಳ ಸಾಲು, ಹುಟ್ಟುದೋಣಿಗಳ ಲಯ ಇವನ್ನು ತೋರಿಸಲು ಅದಕ್ಕೆ ಸಾಟಿಯಿಲ್ಲ. ಮುಖ, ಶ್ರಮ, ಭಯ ಬೇಕೆಂದರೆ ಬೇರೆ ಜಾಗ ನೋಡಿ.

ಒಳಗಿನ ಆಯ್ಕೆಗಳು

ಶಟರ್ ವೇಗ 1/1000 ಸಾಕೇ? ಗಂಟೆಗೆ 36 ಕಿ.ಮೀ. ವೇಗದವನು ಸೆಕೆಂಡಿಗೆ 10 ಮೀಟರ್ ಹೋಗುತ್ತಾನೆ, 1/1000ದಲ್ಲಿ 1 ಸೆಂ.ಮೀ. ಚೌಕಟ್ಟು 6 ಮೀಟರ್ ಅಗಲವಿದ್ದು 6000 ಪಿಕ್ಸೆಲ್ ಇದ್ದರೆ 10 ಪಿಕ್ಸೆಲ್ ಎಳೆತ, ಅಂದರೆ ಅಷ್ಟು ಮಸುಕು. ಕ್ಯಾಮೆರಾವನ್ನು ಸವಾರನ ಜೊತೆ ತಿರುಗಿಸಿದರೆ ಮೈಯ ಎಳೆತ ಮಾಯವಾಗುತ್ತದೆ, ಬೀಸುವ ಕೈ, ಹಾರುವ ಹನಿಗಳದು ಉಳಿಯುತ್ತದೆ. ಹನಿಯೂ ಮುತ್ತಿನಂತೆ ನಿಲ್ಲಬೇಕೆಂದರೆ 1/2000. ಮೋಡವಿದ್ದರೂ ಐಎಸ್‌ಒ ಏರಿಸಿ ಇದನ್ನೇ ಹಿಡಿಯಿರಿ.

ಫೋಕಸ್ ಸತತವಾಗಿರಲಿ, ಬಿಂದು ಒಂದೇ ಬೇಡ, ಪುಟ್ಟ ವಲಯವಿರಲಿ. ಅಡ್ಡಬಂದ ವಸ್ತುವಿಗೆ ಎಷ್ಟು ಬೇಗ ಜಿಗಿಯಬೇಕು ಎಂಬ ಸೆಟ್ಟಿಂಗ್‌ಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಅದನ್ನು ‘ನಿಧಾನ’ದ ಕಡೆಗೆ ಇಡಿ. ಇಲ್ಲದಿದ್ದರೆ ಪ್ರತಿ ತುಂತುರಿಗೂ ಕ್ಯಾಮೆರಾ ಓಡುತ್ತದೆ. ಎಲೆಕ್ಟ್ರಾನಿಕ್ ಶಟರ್ ವೇಗವಾಗಿ ಬೀಸುವ ಹುಟ್ಟನ್ನು ಬಾಗಿಸಿ ತೋರಿಸಬಹುದು. ಸೆನ್ಸರ್ ನಿಧಾನವಿರುವ ಕ್ಯಾಮೆರಾಗಳಲ್ಲಿ ಯಾಂತ್ರಿಕ ಶಟರೇ ಒಳಿತು.

ಪೋಲರೈಸರ್ ಫಿಲ್ಟರ್ ಹಾಕಬೇಕೇ? ನೀರಿನ ಹೊಳಪನ್ನು ಅದು ಚೆನ್ನಾಗಿ ಕತ್ತರಿಸುವುದು ನಮ್ಮ ನೋಟ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ಬಿದ್ದಾಗ. ತಗ್ಗು ದಡದಿಂದ ನೋಟ ಬಹುತೇಕ ಅಡ್ಡಕ್ಕೇ ಇರುವುದರಿಂದ ಹೆಚ್ಚಿನ ಲಾಭವಿಲ್ಲ, ಒಂದೂವರೆ ಎರಡು ಸ್ಟಾಪ್ ಬೆಳಕು ಮಾತ್ರ ನಷ್ಟ. ತಿಳಿನೀರಿನ ಹೊಳೆಯಂಚಿನ ಎತ್ತರದ ಬಂಡೆ ಸಿಕ್ಕರೆ, ಬಿಸಿಲೂ ಇದ್ದರೆ ಹಾಕಿ. ತಳದ ಕಲ್ಲಿನ ಬಣ್ಣವೆಲ್ಲ ಮೇಲೆದ್ದು ಬರುತ್ತದೆ.

ಏನನ್ನು ಮೊದಲು ಕೊಳ್ಳಬೇಕು

ಉದ್ದ ಜೂಮ್, ಒಳ್ಳೆಯ ಮಳೆಗವಚ ಮೊದಲು. ಇವೆರಡರಿಂದ ದಡವೂ ಹೊಳೆಯೂ ಕೈವಶವಾಗುತ್ತವೆ, ಇದೇ ಜೂಮ್ 100-400 ಆಗಿದ್ದರೆ ದೋಣಿಗೂ ಆದೀತು. ನೀರಿಗಿಳಿಯುವ ರುಚಿ ನಿಜವಾಗಿ ಹತ್ತಿದೆಯೇ ಎಂದು ತಿಳಿಯಲು ಆ್ಯಕ್ಷನ್ ಕ್ಯಾಮೆರಾ ಸಾಕು. ಹೌಸಿಂಗ್ ಕೊನೆಗೆ ಬರಲಿ. ಏಕೆಂದರೆ ಬಹುತೇಕ ಹೌಸಿಂಗ್‌ಗಳು ಒಂದು ಕ್ಯಾಮೆರಾ ಮಾದರಿಯ ಗುಂಡಿಗಳಿಗೆ ಸರಿಯಾಗಿ ಕೊರೆದವು. ಕ್ಯಾಮೆರಾ ಬದಲಿಸಿದ ದಿನ ಪೆಟ್ಟಿಗೆಯೂ ನಿರುಪಯೋಗಿ. ಹಿಂಬದಿಯ ಫಲಕವನ್ನಷ್ಟೇ ಬದಲಿಸಿ ಮುಂದಿನ ಮಾದರಿಗೆ ಹೊಂದಿಸಬಹುದೇ, ಈಗಿರುವ ಪೋರ್ಟ್‌ಗಳು ಅದಕ್ಕೂ ಕೂರುತ್ತವೆಯೇ ಎಂದು ಕೇಳಿ ತಿಳಿದುಕೊಳ್ಳಿ. ನಾಲ್ಕೈದು ವರ್ಷ ಇದೇ ಕ್ಯಾಮೆರಾ ಇಟ್ಟುಕೊಳ್ಳುತ್ತೇನೆ ಎಂಬ ಖಾತ್ರಿ ಇದ್ದರೆ ಮಾತ್ರ ಅದಕ್ಕೆ ಹೌಸಿಂಗ್ ಮಾಡಿಸಿ.